ಹೆಸರಿಲ್ಲದ ಬಟನ್‌ಗಳು: ಅಂಧರ ಕೈಯಲ್ಲಿ ಸ್ಪರ್ಶಪರದೆ

ಹಳೆಯ ಕೀಲಿಮಣೆಯ ಮೊಬೈಲ್ ಫೋನುಗಳಲ್ಲಿ 5ರ ಕೀಲಿಯ ಮೇಲೆ ಸಣ್ಣದೊಂದು ಉಬ್ಬು ಇರುತ್ತಿತ್ತು. ಅದಕ್ಕೆ ಬೆರಳು ತಾಗಿದೊಡನೆ ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6 ಇರುವುದು ತಾನಾಗಿ ತಿಳಿಯುತ್ತಿದ್ದುದರಿಂದ, ಕಣ್ಣು ಕಾಣದವರು ಯಾರ ನೆರವನ್ನೂ ಕೇಳದೆ ಕರೆ ಮಾಡಬಹುದಾಗಿತ್ತು. ಬಂದ ಸಂದೇಶವನ್ನು ಓದಿಸಿಕೊಳ್ಳಬೇಕಾದರೆ ಮಾತ್ರ ಸಿಂಬಿಯನ್ ಫೋನುಗಳಿಗೆ ಟಾಕ್ಸ್ ಅಥವಾ ಮೊಬೈಲ್ ಸ್ಪೀಕ್ ಎಂಬ ತಂತ್ರಾಂಶವನ್ನು ಬೇರೆಯಾಗಿ ಹಣ ಕೊಟ್ಟು ಕೊಳ್ಳಬೇಕಿತ್ತು. ಸ್ಪರ್ಶಪರದೆಯ ಫೋನುಗಳು ಬಂದಾಗ ಕೀಲಿಗಳೆಲ್ಲ ಹೋಗಿ, ಎಲ್ಲಿ ಮುಟ್ಟಿದರೂ ಒಂದೇ ತೆರನಾದ ನುಣುಪು ಗಾಜು ಉಳಿಯಿತು. ಉಬ್ಬು ಕಾಣೆಯಾದುದರೊಂದಿಗೆ ಅಂಧರ ದಾರಿಯೂ ಮುಚ್ಚಿಹೋದಂತೆ ತೋರಿತು.

ಹಾಗೆ ಆಗದೆ ಹೋದುದಕ್ಕೆ 2009ರಲ್ಲಿ ನಡೆದ ಎರಡು ಕೆಲಸಗಳು ಕಾರಣ. ಆ ವರ್ಷದ ಜೂನ್‌ನಲ್ಲಿ ಆಪಲ್ ಸಂಸ್ಥೆ ಐಫೋನ್ 3ಜಿಎಸ್ ಜೊತೆಗೆ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರನ್ನು, ಅಂದರೆ ಪರದೆಯ ಮೇಲಿರುವುದನ್ನು ಮಾತಿನಲ್ಲಿ ಹೇಳುವ ತಂತ್ರಾಂಶವನ್ನು, ಫೋನಿನ ಒಳಗೇ ಇರಿಸಿ ಮಾರಿತು. ಅದೇ ವರ್ಷ ಗೂಗಲ್‌ನ ಆಂಡ್ರಾಯ್ಡ್ 1.6ರಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಬಂದಿತು. ಗೂಗಲ್‌ನಲ್ಲಿ ಈ ದಿಕ್ಕಿನ ಸಂಶೋಧನೆಯನ್ನು ಮುನ್ನಡೆಸಿದವರಲ್ಲಿ ಪ್ರಮುಖರಾದ ಟಿ. ವಿ. ರಾಮನ್, ಗ್ಲಾಕೋಮಾ ರೋಗದಿಂದ 14ನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡು, ಬಳಿಕ ಮುಂಬಯಿಯ ಐಐಟಿಯಲ್ಲಿಯೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿಯೂ ಓದಿದವರು. ಗಾಜಿನ ಮೇಲೆ ಉಬ್ಬಿಲ್ಲದಿದ್ದರೆ ಬೆರಳು ಮೊದಲು ಎಲ್ಲಿ ತಾಗುತ್ತದೆಯೋ ಅದನ್ನೇ 5 ಎಂದು ಫೋನು ತಿಳಿದುಕೊಳ್ಳಲಿ, ಉಳಿದ ಅಂಕಿಗಳು ಅದರ ಸುತ್ತ ತಮ್ಮ ತಮ್ಮ ದಿಕ್ಕಿನಲ್ಲಿ ಇರಲಿ ಎಂಬುದು ಅವರು ಕಂಡುಕೊಂಡ ಪರಿಹಾರವಾಗಿತ್ತು. ಬಳಕೆದಾರನು ಅಂಕಿಯನ್ನು ಹುಡುಕಿಕೊಂಡು ಹೋಗುವ ಬದಲು ಅಂಕಿಯೇ ಅವನ ಬೆರಳಿನ ಬಳಿಗೆ ಬರುವ ಈ ಯೋಚನೆ, ಕಣ್ಣನ್ನು ನೆಚ್ಚಿಕೊಳ್ಳದೆ ಯಂತ್ರವನ್ನು ರೂಪಿಸುವುದು ಹೇಗೆ ಎಂಬುದಕ್ಕೆ ಇಂದಿಗೂ ಒಳ್ಳೆಯ ಪಾಠವಾಗಿದೆ.

ಸ್ಕ್ರೀನ್ ರೀಡರ್ ಮಾಡುವ ಮುಖ್ಯ ಬದಲಾವಣೆಯೆಂದರೆ ಮುಟ್ಟುವುದನ್ನೂ ಒತ್ತುವುದನ್ನೂ ಬೇರೆಬೇರೆ ಮಾಡುವುದು. ಸಾಮಾನ್ಯ ಬಳಕೆಯಲ್ಲಿ ಬೆರಳು ತಾಗಿದರೆ ಕೆಲಸ ನಡೆದುಹೋಗುತ್ತದೆ. ಕಾಣದವರಿಗೆ ಮುಟ್ಟದೆ ಹುಡುಕಲು ಸಾಧ್ಯವಿಲ್ಲವಾದ್ದರಿಂದ, ಅವರ ಫೋನಿನಲ್ಲಿ ಬೆರಳು ತಾಗಿದಾಗ ಅಲ್ಲಿ ಏನಿದೆ ಎಂಬುದು ಕಿವಿಗೆ ಬೀಳುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಬೇಕಾದುದು ಸಿಕ್ಕ ಮೇಲೆ ಪರದೆಯ ಯಾವ ಭಾಗದಲ್ಲಾದರೂ ಎರಡು ಸಲ ತಟ್ಟಿದರೆ ಅದು ಒತ್ತಿದಂತೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು ಎಂಬ ಏರ್ಪಾಡೂ ಇರುವುದರಿಂದ, ಯಾವುದು ಎಲ್ಲಿದೆ ಎಂದು ತಿಳಿಯದಿದ್ದರೂ ಇಡೀ ಪರದೆಯನ್ನು ಸಾಲಾಗಿ ಕೇಳಿಕೊಂಡು ಹೋಗಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡಿ ಮಾತಾಡುವುದಿಲ್ಲ. ಆ್ಯಪ್ ತನ್ನ ಬಗ್ಗೆ ತಾನೇ ಒಪ್ಪಿಸುವ ಪಟ್ಟಿಯನ್ನು ಓದುತ್ತದೆ. ಪರದೆಯ ಪ್ರತಿಯೊಂದು ಅಂಶಕ್ಕೂ ಹೆಸರು ಏನು, ಅದು ಬಟನ್ನೋ ಅಕ್ಷರ ತುಂಬುವ ಜಾಗವೋ, ಈಗ ಅದು ಆಯ್ಕೆಯಾಗಿದೆಯೋ ಇಲ್ಲವೋ ಎಂಬ ವಿವರಗಳು ಆ ಪಟ್ಟಿಯಲ್ಲಿರಬೇಕು. ಆ್ಯಪ್ ಬರೆಯುವವರು ಚಿತ್ರದ ಬಟನ್‌ಗೆ ಹೆಸರು ಕೊಡದೆ ಬಿಟ್ಟರೂ ಕಾಣುವವರಿಗೆ ಬಸ್ಸಿನ ಚಿತ್ರವೋ ರೂಪಾಯಿ ಚಿಹ್ನೆಯೋ ಕಂಡು ಅರ್ಥವಾಗುತ್ತದೆ. ಕಾಣದವರಿಗೆ ‘ಹೆಸರಿಲ್ಲದ ಬಟನ್’ ಎಂಬ ಮಾತು ಕೇಳುತ್ತದೆ, ಅಂತಹ ಐದು ಬಟನ್‌ಗಳಿದ್ದರೆ ಅದೇ ಮಾತು ಐದು ಸಲ ಕೇಳುತ್ತದೆ. ಇತ್ತೀಚಿನ ಕೃತಕ ಬುದ್ಧಿಮತ್ತೆ ಚಿತ್ರವನ್ನು ನೋಡಿ ಹೆಸರನ್ನು ಊಹಿಸಬಲ್ಲದಾದರೂ, ಹಣ ಕಳುಹಿಸುವ ಬಟನ್‌ನ ವಿಷಯದಲ್ಲಿ ಊಹೆಯನ್ನು ನಂಬಿ ಕೂರಲಾಗದು. ಒಂದು ಸಾಲು ಬರೆದರೆ ಮುಗಿಯುವ ಕೆಲಸವನ್ನು ಮಾಡದೆ ಬಿಟ್ಟಿರುವುದೇ ಅಂಧ ಬಳಕೆದಾರರ ಹಲವು ತೊಂದರೆಗಳ ಮೂಲ.

ಪಟ್ಟಿಯಲ್ಲಿರುವ ಅಕ್ಷರಗಳನ್ನು ಧ್ವನಿಯಾಗಿಸುವುದು ಪಠ್ಯವಾಚಕ ಎಂಬ ಇನ್ನೊಂದು ತಂತ್ರಾಂಶ. ಕನ್ನಡದಲ್ಲಿ ಬರೆದಂತೆಯೇ ಓದುವುದು ರೂಢಿಯಾದ್ದರಿಂದ ಅಕ್ಷರದಿಂದ ಉಚ್ಚಾರಣೆಗೆ ಹೋಗುವ ದಾರಿ ಇಂಗ್ಲಿಷಿನಷ್ಟು ಕಠಿಣವಲ್ಲ, ಆದರೆ ‘ರೂ.’, ‘ಡಾ.’ ಮುಂತಾದ ಸಂಕ್ಷೇಪಗಳನ್ನೂ, ದಿನಾಂಕ ಮತ್ತು ಫೋನ್ ಸಂಖ್ಯೆಗಳನ್ನೂ, ವಾಕ್ಯದ ನಡುವೆ ನುಸುಳುವ ಇಂಗ್ಲಿಷ್ ಪದಗಳನ್ನೂ ಸಂದರ್ಭ ತಿಳಿದು ಓದಿಸುವುದಕ್ಕೆ ಹೆಚ್ಚಿನ ಶ್ರಮ ಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ಪಠ್ಯವಾಚಕದ ಮೇಲೆ ಸಂಶೋಧನೆ ನಡೆದಿದೆ. ಇ-ಸ್ಪೀಕ್ ಎಂಬ ಉಚಿತ ತಂತ್ರಾಂಶವೂ ಗೂಗಲ್‌ನ ಪಠ್ಯವಾಚಕವೂ ಕನ್ನಡವನ್ನು ಓದುತ್ತವೆ. ಇ-ಸ್ಪೀಕ್‌ನ ದನಿ ಯಂತ್ರದ್ದೆಂದು ಎದ್ದು ತೋರುತ್ತದೆಯಾದರೂ, ಅತಿ ವೇಗದಲ್ಲಿ ಓದಿಸಿದಾಗಲೂ ಅದರ ಅಕ್ಷರಗಳು ಕಲಸಿಹೋಗುವುದಿಲ್ಲವೆಂಬ ಕಾರಣಕ್ಕೆ ನುರಿತ ಬಳಕೆದಾರರಲ್ಲಿ ಹಲವರು ಇಂಪಾದ ದನಿಗಿಂತ ಅದನ್ನೇ ಬಯಸುತ್ತಾರೆ. ಹೊಸಬರಿಗೆ ಒಂದು ಪದವೂ ತಿಳಿಯದ ವೇಗದಲ್ಲಿ ಅವರು ಪುಟಗಟ್ಟಲೆ ಕೇಳಬಲ್ಲರು.

ಕನ್ನಡಕ್ಕೆ ಇಷ್ಟೆಲ್ಲ ಇದ್ದೂ ಕನ್ನಡದ ಓದು ಅಂಧರಿಗೆ ಎಟುಕದಿರುವುದಕ್ಕೆ ಇನ್ನೊಂದು ಕಾರಣವಿದೆ. ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದ ಕಡತದೊಳಗೆ ಇರುವುದು ಕನ್ನಡ ಅಕ್ಷರಗಳಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವಾಗಿ ಕಾಣುವ ಆ ಪುಟ ಕಿವಿಗೆ ಅರ್ಥವಿಲ್ಲದ ಸದ್ದಾಗಿ ಬೀಳುತ್ತದೆ. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ನೀಡುವ ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಆಸ್ಕಿ ಫಾಂಟಿನ ಪಿಡಿಎಫ್‌ಗಳೂ ಸ್ಕ್ಯಾನ್ ಮಾಡಿದ ಚಿತ್ರದ ರೂಪದ ಸುತ್ತೋಲೆಗಳೂ ಇಂದಿಗೂ ಹೊರಬೀಳುತ್ತಿರುವುದು ಖೇದಕರ.

ಹಣಕಾಸಿನ ಆ್ಯಪ್‌ಗಳಲ್ಲಿ ಸಮಸ್ಯೆ ಮತ್ತಷ್ಟು ತೊಡಕಾಗುತ್ತದೆ. ವಂಚಕರ ತಂತ್ರಾಂಶಗಳು ಇನ್ನೊಬ್ಬರ ಪರದೆಯನ್ನು ಓದಲು ಸ್ಕ್ರೀನ್ ರೀಡರ್‌ಗಾಗಿ ಇರುವ ಅನುಮತಿಯನ್ನೇ ದುರುಪಯೋಗಪಡಿಸಿಕೊಳ್ಳುವುದರಿಂದ, ಅವುಗಳನ್ನು ತಡೆಯಲು ಹೊರಟ ಆ್ಯಪ್ ಎಲ್ಲವನ್ನೂ ಒಂದೇ ಎಂದು ಬಗೆದರೆ ನಿಜವಾದ ಸ್ಕ್ರೀನ್ ರೀಡರ್‌ಗೂ ಬಾಗಿಲು ಮುಚ್ಚುತ್ತದೆ. ಚಿತ್ರದಲ್ಲಿನ ಸೊಟ್ಟ ಅಕ್ಷರಗಳನ್ನು ಗುರುತಿಸಿ ಬರೆಯಬೇಕೆಂಬ ಕ್ಯಾಪ್ಚಾ, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಗುರುತು ಪರಿಶೀಲನೆ ಇವೂ ಕಾಣುವವರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಇಂತಹ ಗುರುತು ಪರಿಶೀಲನೆಯ ಬಗ್ಗೆ ಆ್ಯಸಿಡ್ ದಾಳಿಗೆ ತುತ್ತಾದವರೂ ಅಂಧ ವಕೀಲರೊಬ್ಬರೂ ಸಲ್ಲಿಸಿದ್ದ ಅರ್ಜಿಗಳ ಮೇಲೆ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪು ನೀಡಿ, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೂ ಇದಕ್ಕೆ ಮೊದಲೇ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕುವಂತಿರಬೇಕೆಂದು ವಿಧಿಸಿತ್ತು.

2011ರ ಜನಗಣತಿ ಲೆಕ್ಕಹಾಕಿದಂತೆ ದೇಶದಲ್ಲಿ ದೃಷ್ಟಿ ನ್ಯೂನತೆಯುಳ್ಳವರು ಸುಮಾರು 50 ಲಕ್ಷ ಮಂದಿ. ಅವರಿಗಾಗಿ ಬೇರೆ ಫೋನನ್ನಾಗಲಿ ಬೇರೆ ಆ್ಯಪನ್ನಾಗಲಿ ಮಾಡಬೇಕಾಗಿಲ್ಲ. ಟಾಕ್‌ಬ್ಯಾಕ್ ಬಹುತೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಈಗಾಗಲೇ ಇದೆ. ಕನ್ನಡದಲ್ಲಿ ಆ್ಯಪ್ ರೂಪಿಸುವವರು ಅದನ್ನು ಜನರ ಕೈಗೆ ಕೊಡುವ ಮುನ್ನ ಟಾಕ್‌ಬ್ಯಾಕ್ ಚಾಲೂ ಮಾಡಿ, ಕಣ್ಣು ಮುಚ್ಚಿಕೊಂಡು, ತಮ್ಮ ಆ್ಯಪನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಬಳಸಿ ನೋಡಲಿ.