ನೀರಿನಲ್ಲಿ ಉಳಿಯುವ ಜಾಡು

ಕಣಕುಂಬಿಯ ಬಳಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರದ ಕಾಡನ್ನು ಬಿಟ್ಟು, ಕಿತ್ತೂರಿಗೆ ಸಮೀಪವಾದ ಎಂ.ಕೆ. ಹುಬ್ಬಳ್ಳಿಯನ್ನು ದಾಟಿ, ಬೈಲಹೊಂಗಲ ಸೀಮೆಯ ಸಂಗೊಳ್ಳಿಯ ಮಗ್ಗುಲಲ್ಲಿ ಹರಿದು, ಸವದತ್ತಿಯ ಬೆಟ್ಟಸಾಲನ್ನು ನವಿಲುತೀರ್ಥದ ಕಂದರದಲ್ಲಿ ಭೇದಿಸಿಕೊಂಡು ಹೊರಟು, ರಾಮದುರ್ಗವನ್ನು ಮುಟ್ಟಿ, ಒಟ್ಟು 304 ಕಿಲೋಮೀಟರುಗಳ ಪಯಣದ ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕಂದರದ ಬಾಯಿಗೆ 1970ರ ದಶಕದ ಆರಂಭದಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ, 2079.50 ಅಡಿಗಳ ಪೂರ್ಣಮಟ್ಟಕ್ಕೆ 37.73 ಟಿ.ಎಂ.ಸಿ. ನೀರು ಹಿಡಿಯಬಲ್ಲ ರೇಣುಕಾಸಾಗರವು ಹರಡಿಕೊಂಡಿದೆ. ಆಷಾಢ ಶ್ರಾವಣಗಳಲ್ಲಿ ಪಶ್ಚಿಮದ ಮಳೆಯ ನೀರು ಹೊಳೆಯ ದಡಗಳನ್ನು ಕೊರೆದು ತಂದ ಮಣ್ಣಿನೊಡನೆ ಇಲ್ಲಿಗೆ ಬಂದು ಸೇರುವಾಗ, ಬೊಗಸೆಯಲ್ಲಿ ಎತ್ತಿದ ನೀರಿನ ತಳವೇ ಕಾಣದಷ್ಟು ಅದು ರಾಡಿಯಾಗಿರುತ್ತದೆ. ಇಂತಹ ನೀರಿನಲ್ಲಿ, ಅದೂ ಕತ್ತಲೆಯ ಹೊತ್ತಿನಲ್ಲಿ, ತನ್ನ ಆಹಾರವನ್ನು ಬೆನ್ನಟ್ಟಿ ಹಿಡಿಯುವ ಒಂದು ಮೀನು ಇರುವುದಾದರೆ, ಅದು ಯಾವ ಇಂದ್ರಿಯದ ಬಲದಿಂದ ಹಾಗೆ ಮಾಡೀತು ಎಂಬ ಪ್ರಶ್ನೆಯು ವಿಚಾರಯೋಗ್ಯವಾದುದು.

ಅಂತಹ ಮೀನು ಇದೆ; ಅದರ ಹೆಸರು ಬಾಳೆ. ಕೆಲವು ಕಡೆ ವಾಳೆಯೆಂದೂ ಕರೆಯುತ್ತಾರೆ. 1801ರಲ್ಲಿ ಬ್ಲಾಖ್ ಮತ್ತು ಷ್ನೈಡರ್ ಎಂಬ ಜರ್ಮನ್ ಪಂಡಿತರು ಇದನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದರು. ಇಂದು ಇದರ ಶಾಸ್ತ್ರೀಯ ನಾಮ ವಲ್ಲಾಗೊ ಅಟ್ಟು. ಮೈಮೇಲೆ ಹುರುಪೆಯಿಲ್ಲದ, ಪಕ್ಕದಿಂದ ಅಮುಕಿದಂತೆ ಚಪ್ಪಟೆಯಾದ, ಬೆಳ್ಳಿಯ ಬಣ್ಣದ ನೀಳವಾದ ಶರೀರ. ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿದ ವಿಶಾಲವಾದ ಬಾಯಿ. ಅದರೊಳಗೆ ಒಳಮುಖವಾಗಿ ಬಾಗಿದ ಸಣ್ಣ ಹಲ್ಲುಗಳ ದಟ್ಟವಾದ ಸಾಲು. ಮೇಲಿನ ತುಟಿಯ ಬಳಿ ಒಂದು ಜೊತೆ ಉದ್ದನೆಯ ಮೀಸೆ, ಗದ್ದದಲ್ಲಿ ಒಂದು ಜೊತೆ ಗಿಡ್ಡ ಮೀಸೆ. ಹೊಟ್ಟೆಯ ಹಿಂದಿನಿಂದ ಬಾಲದವರೆಗೂ ಹಬ್ಬಿದ ಒಂದೇ ಉದ್ದವಾದ ಈಜುರೆಕ್ಕೆ: ಇಷ್ಟು ಲಕ್ಷಣಗಳಿಂದ ಬಾಳೆಯನ್ನು ಯಾರು ಬೇಕಾದರೂ ಗುರುತಿಸಬಹುದು. ಮುಕ್ಕಾಲು ಮೀಟರ್ ಉದ್ದದ ಬಾಳೆ ಸಾಮಾನ್ಯ; ಅದಕ್ಕಿಂತ ಬಹಳ ದೊಡ್ಡದಾಗಿಯೂ ಇದು ಬೆಳೆಯಬಲ್ಲದು. ಹಗಲಿನಲ್ಲಿ ದಡದ ಪೊಟರೆಗಳಲ್ಲಿಯೂ ಆಳವಾದ ಮಡುಗಳಲ್ಲಿಯೂ ಜಡವಾಗಿ ಬಿದ್ದಿದ್ದು, ಇರುಳಾದೊಡನೆ ಹೊರಟು ಸಣ್ಣ ಮೀನುಗಳನ್ನು ನುಂಗುವುದು ಇದರ ದಿನಚರಿ.

ಬಾಳೆಯ ಬೇಟೆಯನ್ನು ಅರಿಯಲು ನಾನು ಓದುಗರನ್ನು ಸ್ವಲ್ಪ ದೂರದ ಹಾದಿಯಲ್ಲಿ ಕರೆದೊಯ್ಯಬೇಕಾಗಿದೆ. ಅಮೆರಿಕಾ ಖಂಡದ ಪಶ್ಚಿಮ ತೀರದಲ್ಲಿ, ನಮ್ಮ ಅನೇಕ ಕನ್ನಡ ಕುಟುಂಬಗಳು ನೆಲಸಿರುವ ಸಿಯಾಟಲ್, ವ್ಯಾಂಕೂವರ್ ನಗರಗಳ ಎದುರಿನ ತಣ್ಣನೆಯ ಕಡಲಿನಲ್ಲಿ, ಸಣ್ಣ ದೋಣಿಯನ್ನು ಮೆಲ್ಲನೆ ನಡೆಸುತ್ತ ಅದರ ಹಿಂದೆ ಗಾಳವನ್ನು ಎಳೆದುಕೊಂಡು ಹೋಗಿ ಸಾಲ್ಮನ್ ಮೀನನ್ನು ಹಿಡಿಯುವ ವಿನೋದವೊಂದುಂಟು. ಇದಕ್ಕೆ ಟ್ರೋಲಿಂಗ್ ಎಂದು ಹೆಸರು. ನಮ್ಮ ಕಾರವಾರ, ಮಲ್ಪೆಗಳ ಯಾಂತ್ರಿಕ ದೋಣಿಗಳು ಸಮುದ್ರದ ತಳವನ್ನು ಬಾಚುತ್ತ ಎಳೆಯುವ ಟ್ರಾಲ್ ಬಲೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅಲ್ಲಿ ಬಲೆ, ಇಲ್ಲಿ ಒಂದು ದಾರ, ಒಂದು ಕೊಕ್ಕೆ. ಭಾರತದ ಸಾಲ್ಮನ್ ಎಂದು ಪೇಟೆಯಲ್ಲಿ ಮಾರುವ ರಾವಸ್ ಕೂಡ ನಿಜವಾದ ಸಾಲ್ಮನ್ನಿನ ಬಂಧುವಲ್ಲ. ಎದೆಯ ಬಳಿ ಬಿಡಿಬಿಡಿಯಾದ ಎಳೆಗಳನ್ನು ಇಳಿಬಿಟ್ಟುಕೊಂಡ ಅದರ ವಂಶವೇ ಬೇರೆ.

ದೋಣಿಯ ಹಿಂದೆ ದಾರವನ್ನು ಬಿಟ್ಟು ಎಳೆದರೆ ಸಾಕು ಎಂದು ಭಾವಿಸುವವರು ಈ ವಿದ್ಯೆಯ ಸೂಕ್ಷ್ಮವನ್ನು ಅರಿಯರು. ನೀರಿನಲ್ಲಿ ಚಲಿಸುವ ವಸ್ತುವಿಗೆ ನೀರು ಒಡ್ಡುವ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟು. 20 ಮೀಟರ್ ದಾರದ ತುದಿಯಲ್ಲಿ ಸೀಸದ ಗುಂಡೊಂದನ್ನು ಇಳಿಬಿಟ್ಟು ನಿಧಾನವಾಗಿ ಎಳೆಯುವಾಗ ಆ ದಾರ ಲಂಬರೇಖೆಯಿಂದ 10 ಡಿಗ್ರಿ ಹಿಂದಕ್ಕೆ ವಾಲಿತೆನ್ನೋಣ. ದೋಣಿಯ ವೇಗವನ್ನು ಇಮ್ಮಡಿಸಿದರೆ, ದಾರಕ್ಕೆ ತಗಲುವ ಪ್ರತಿರೋಧವನ್ನು ಬದಿಗಿಟ್ಟ ಸರಳವಾದ ಲೆಕ್ಕದಲ್ಲಿಯೂ, ವಾಲುವ ಕೋನ 35 ಡಿಗ್ರಿಗೆ ಏರಿ ಗುಂಡು ಮೂರು ಮೀಟರಿಗಿಂತ ಹೆಚ್ಚಾಗಿ ಮೇಲೆದ್ದುಬಿಡುತ್ತದೆ. ಮೀನಿರುವ ಆಳ ಒಂದು, ಎರೆಯಿರುವ ಆಳ ಇನ್ನೊಂದು ಆದಮೇಲೆ ಇಡೀ ದಿನದ ಶ್ರಮ ನಿಷ್ಫಲ. ಆದುದರಿಂದಲೇ ಸಾಲ್ಮನ್ ಹಿಡಿಯುವವರು ನಾಲ್ಕೈದು ಕಿಲೋ ತೂಕದ ಗುಂಡನ್ನು ಉಕ್ಕಿನ ತಂತಿಯಿಂದ ನೇರವಾಗಿ ಇಳಿಸಿ, ಗಾಳದ ದಾರವನ್ನು ಅದಕ್ಕೆ ಒಂದು ಚಿಮುಟಿಯಿಂದ ಸಿಕ್ಕಿಸಿರುತ್ತಾರೆ. ಮೀನು ಎರಗಿದೊಡನೆ ಚಿಮುಟಿ ಬಿಟ್ಟುಕೊಂಡು, ಭಾರದ ಹಂಗಿಲ್ಲದೆ ಮೀನೂ ಮನುಷ್ಯನೂ ದಾರದ ಎರಡು ತುದಿಗಳಲ್ಲಿ ಎದುರಾಗುತ್ತಾರೆ. ದೋಣಿ ಎಡಕ್ಕೆ ತಿರುಗಿದಾಗ ಬಲಬದಿಯ ಎರೆಯು ದೊಡ್ಡ ಕಮಾನಿನಲ್ಲಿ ಸಾಗಬೇಕಾಗಿ ವೇಗ ಪಡೆದು ಮೇಲೇಳುತ್ತದೆ, ಎಡಬದಿಯದು ಮಂದವಾಗಿ ಕೆಳಗಿಳಿಯುತ್ತದೆ; ಆ ಹೊತ್ತಿನಲ್ಲಿ ಯಾವ ಬದಿಗೆ ಮೀನು ಎರಗಿತೆಂಬುದನ್ನು ಗಮನಿಸಿ, ಅಂದು ಮೀನು ಬಯಸುವ ವೇಗವನ್ನೂ ಆಳವನ್ನೂ ಊಹಿಸುವುದು ಅನುಭವಿಗಳ ಕ್ರಮ. ದೋಣಿಯ ಪ್ರತಿಯೊಂದು ತಿರುವೂ ಹೀಗೆ ಒಂದು ಪ್ರಯೋಗವಾಗುವುದನ್ನು ಕಂಡಾಗ ನನಗೆ ಈ ವಿನೋದದಲ್ಲಿ ನಿಜವಾದ ವಿಜ್ಞಾನದ ಲಕ್ಷಣ ಕಾಣುತ್ತದೆ.

ಎಳೆಯುವ ಎರೆ ಜೀವಂತ ಮೀನೇ ಆಗಬೇಕೆಂಬ ನಿಯಮವಿಲ್ಲ. ಚಮಚದ ತಲೆಯಂತಹ ಬಾಗಿದ ಲೋಹದ ತಗಡಿಗೆ ಕೊಕ್ಕೆ ಕಟ್ಟಿದ ಎರೆಗೆ ಅಮೆರಿಕಾದ ವರ್ಮಾಂಟ್ ಪ್ರಾಂತದ ಜೂಲಿಯೊ ಬ್ಯುಯೆಲ್ ಎಂಬಾತ 1852ರಲ್ಲಿ ಹಕ್ಕುಪತ್ರ ಪಡೆದನು. ಗಾಳದ ವಿನೋದ ನಮ್ಮ ನಾಡಿಗೂ ಹೊಸದಲ್ಲ; ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್, ಭಾರತದಲ್ಲಿ ಗಾಳದ ಬೇಟೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚುಮಾಡಿಸಿದನು. ತಿರುಗುವ ಲೋಹದ ಚಮಚಕ್ಕೆ ನಮ್ಮ ಹೊಳೆಗಳ ಮಹಶೀರ್ ಎರಗುವಂತೆ ಬಾಳೆಯೂ ಎರಗುತ್ತದೆಂಬುದು ಭಾರತದ ಗಾಳಗಾರರಿಗೆ ಬಹುಕಾಲದಿಂದ ತಿಳಿದಿರುವ ಸಂಗತಿ. ರುಚಿಯಿಲ್ಲ, ವಾಸನೆಯಿಲ್ಲ, ಮಾಂಸವಿಲ್ಲ. ಆದರೂ ಮೀನು ಆ ತಗಡಿನ ಮೇಲೆ ಬೀಳುವುದೇಕೆ?

ಶಾಂತವಾದ ನೀರಿನಲ್ಲಿ ಒಂದು ವಸ್ತು ಸಾಗಿಹೋದಾಗ ಅದರ ಹಿಂದೆ ನೀರು ಸುಮ್ಮನೆ ಕೂಡಿಕೊಳ್ಳುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಸುಳಿಗಳು ಸರದಿಯಂತೆ ಕಳಚಿಕೊಂಡು, ಎರಡು ಸಾಲಾಗಿ ಹಿಂದೆ ಉಳಿಯುತ್ತವೆ. ಈ ಸುಳಿಸಾಲಿನ ಗಣಿತವನ್ನು 1911ರ ಸುಮಾರಿನಲ್ಲಿ ವಿವರಿಸಿದ ಥಿಯೊಡೋರ್ ಫಾನ್ ಕಾರ್ಮಾನನ ಹೆಸರಿನಿಂದಲೇ ಇಂದಿಗೂ ಅದನ್ನು ಕರೆಯುತ್ತಾರೆ. ಸೆಕೆಂಡಿಗೆ ಒಂದು ಮೀಟರಿನಂತೆ, ಅಂದರೆ ಮನುಷ್ಯ ಮೆಲ್ಲನೆ ನಡೆಯುವ ವೇಗದಲ್ಲಿ, ನಾಲ್ಕು ಸೆಂಟಿಮೀಟರ್ ಅಗಲದ ಅಡ್ಡಿಯೊಂದನ್ನು ಎಳೆದರೆ ಅದು ಸೆಕೆಂಡಿಗೆ ಸುಮಾರು ಐದು ಜೊತೆ ಸುಳಿಗಳನ್ನು ಬಿಡುತ್ತದೆ. ಬಾಗಿದ ತಗಡಾದರೆ ಆ ಸುಳಿಗಳ ತಳ್ಳಾಟಕ್ಕೆ ತಾನೂ ಅತ್ತಿತ್ತ ಓಲಾಡುತ್ತದೆ. ಬಾಲ ಬೀಸಿ ಈಜುವ ಮೀನೂ ಹೀಗೆಯೇ ಎಡಬಲಗಳಲ್ಲಿ ಸುಳಿಗಳನ್ನು ಬಿಡುತ್ತದೆ. ಭೇದವೇನೆಂದರೆ, ಎಳೆದ ವಸ್ತುವಿನ ಸುಳಿಗಳು ಅದನ್ನು ಹಿಂದಕ್ಕೆ ಜಗ್ಗುವ ಕಡೆಗೆ ತಿರುಗುತ್ತವೆ, ಈಜುವ ಮೀನಿನ ಸುಳಿಗಳು ಅದಕ್ಕೆ ವಿರುದ್ಧವಾಗಿ ತಿರುಗಿ ಅದನ್ನು ಮುಂದಕ್ಕೆ ನೂಕುತ್ತವೆ. ಸರದಿಯ ಲಯ ಮಾತ್ರ ಎರಡರಲ್ಲಿಯೂ ಸದೃಶ. ಸಾಲ್ಮನ್ನಿನ ನಿಕಟ ಬಂಧುವಾದ ಟ್ರೌಟ್ ಮೀನು, ಹರಿವ ನೀರಿನಲ್ಲಿ ನೆಟ್ಟ ಕಂಬದ ಹಿಂದಿನ ಸುಳಿಗಳ ನಡುವೆ ತನ್ನ ಮೈಯನ್ನು ಆ ಲಯಕ್ಕೆ ಹೊಂದಿಸಿಕೊಂಡು, ಸ್ನಾಯುಗಳನ್ನು ಹೆಚ್ಚು ದುಡಿಸದೆಯೇ ನಿಲ್ಲಬಲ್ಲದೆಂದು 2003ರಲ್ಲಿ ಲಿಯಾವೊ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮೀನಿನ ಪಾಲಿಗೆ ನೀರಿನ ಸುಳಿಯು ಅಷ್ಟು ಪರಿಚಿತವಾದ ವಸ್ತು.

ಆ ಪರಿಚಯವನ್ನು ದೊರಕಿಸುವ ಇಂದ್ರಿಯವು ನಮಗಿಲ್ಲ. ಮೀನಿನ ಪಕ್ಕದಲ್ಲಿ ಕಿವಿರಿನ ಹಿಂದಿನಿಂದ ಬಾಲದವರೆಗೆ ಎಳೆದಂತೆ ಕಾಣುವ ಗೆರೆಯೇ ಪಾರ್ಶ್ವರೇಖೆ. ತಲೆಯ ಮೇಲೂ ಅದರ ಕವಲುಗಳು ಹಬ್ಬಿರುತ್ತವೆ. ಅದು ಜ್ಞಾನೇಂದ್ರಿಯವೆಂಬುದನ್ನು 1850ರಲ್ಲಿ ಲೈಡಿಗ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞನು ಗುರುತಿಸಿದನು. ಅದರಲ್ಲಿ ಸೂಕ್ಷ್ಮವಾದ ರೋಮಕೋಶಗಳ ಗುಚ್ಛಗಳಿದ್ದು, ಪ್ರತಿಯೊಂದು ಗುಚ್ಛವೂ ಲೋಳೆಯ ಮೃದುವಾದ ಕುಲಾವಿಯೊಂದನ್ನು ಧರಿಸಿರುತ್ತದೆ. ಕೆಲವು ಚರ್ಮದ ಮೇಲೆ ನೀರಿಗೆ ನೇರವಾಗಿ ತೆರೆದುಕೊಂಡಿದ್ದರೆ, ಕೆಲವು ಚರ್ಮದಡಿಯ ನಾಳದೊಳಗಿರುತ್ತವೆ. ನೀರು ಕುಲಾವಿಯನ್ನು ಒಂದಿಷ್ಟು ಬಾಗಿಸಿದರೂ ಕೆಳಗಿನ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಸವದತ್ತಿಯ ಎರೆಹೊಲದಲ್ಲಿ ನಿಂತ ಹಿಂಗಾರಿ ಜೋಳದ ಮೇಲೆ ಗಾಳಿ ಹಾದುಹೋಗುವಾಗ ದಂಟುಗಳು ಬಾಗುವ ಬಗೆಯಿಂದಲೇ, ಕಣ್ಣಿಗೆ ಕಾಣದ ಗಾಳಿಯ ದಿಕ್ಕನ್ನೂ ಬಿರುಸನ್ನೂ ರೈತನು ತಿಳಿಯುವನಷ್ಟೆ. ಮೀನು ತನ್ನ ಮೈಮೇಲಿನ ಈ ರೋಮಗಳ ಬಾಗುವಿಕೆಯಿಂದ ನೀರಿನ ಚಲನೆಯನ್ನು ಅದೇ ತೆರನಾಗಿ ಅರಿಯುತ್ತದೆ. ಸೆಕೆಂಡಿಗೆ ಕೆಲವು ಕಂಪನಗಳಿಂದ ಹಿಡಿದು ನೂರಿನ ಆಸುಪಾಸಿನವರೆಗಿನ ಚಲನೆಗಳು ಈ ಇಂದ್ರಿಯದ ಹರವಿಗೆ ಬರುತ್ತವೆ. ತಗಡಿನ ಐದು ಜೊತೆ ಸುಳಿಗಳು ಅದರೊಳಗೇ ಬೀಳುತ್ತವೆ.

ಇಷ್ಟಾದರೂ, ಬೇರೆ ಪ್ರಾಣಿಯ ಅಲುಗಾಟವನ್ನು ಪಾರ್ಶ್ವರೇಖೆಯು ಮೀನಿನ ಮೈಯುದ್ದದ ಒಂದೆರಡು ಪಟ್ಟು ದೂರದಿಂದ ಮಾತ್ರ ನೇರವಾಗಿ ತಿಳಿಯಬಲ್ಲದು. ಅದಕ್ಕೂ ಆಚೆ ಇರುವ ಬೇಟೆಯನ್ನು ಹಿಡಿಯುವುದು ಹೇಗೆಂಬುದಕ್ಕೆ ಉತ್ತರ 2001ರಲ್ಲಿ ದೊರೆಯಿತು. ಪೋಲ್ಮನ್, ಗ್ರಾಸೊ, ಬ್ರೈಟ್‌ಹಾಪ್ಟ್ ಎಂಬ ಮೂವರು ವಿಜ್ಞಾನಿಗಳು ಯುರೋಪಿನ ವೆಲ್ಸ್ ಮೀನನ್ನೂ ಅದರ ಆಹಾರವಾದ ಪುಟ್ಟ ಗಪ್ಪಿ ಮೀನುಗಳನ್ನೂ ಗಾಢಾಂಧಕಾರದ ತೊಟ್ಟಿಯಲ್ಲಿ ಬಿಟ್ಟು, ಅವಕೆಂಪು ಬೆಳಕಿನ ಕ್ಯಾಮರಾದಿಂದ ಅವುಗಳ ಚಲನೆಯನ್ನು ದಾಖಲಿಸಿದರು. ವೆಲ್ಸ್ ಗಪ್ಪಿಯ ಕಡೆಗೆ ನೇರವಾಗಿ ನುಗ್ಗಲಿಲ್ಲ; ಗಪ್ಪಿ ಈಜಿ ಹೋಗಿದ್ದ ಹಾದಿಯನ್ನೇ, ಅದರ ಅಂಕುಡೊಂಕುಗಳ ಸಮೇತ, ಹಿಂಬಾಲಿಸಿ ಹೋಗಿ ಹಿಡಿಯಿತು. ಹತ್ತು ಸೆಕೆಂಡುಗಳಷ್ಟು ಹಳೆಯದಾದ ಜಾಡನ್ನೂ, ಗಪ್ಪಿಯ ಮೈಯುದ್ದದ 55 ಪಟ್ಟಿನವರೆಗಿನ ದೂರವನ್ನೂ ಅದು ಅನುಸರಿಸಬಲ್ಲದಾಗಿತ್ತು. 2004ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ ಪಾರ್ಶ್ವರೇಖೆಯನ್ನು ನಿಷ್ಕ್ರಿಯಗೊಳಿಸಿದಾಗ ಈ ಸಾಮರ್ಥ್ಯ ಬಹಳವಾಗಿ ಕುಂದಿತು. ಮೈಮೇಲಿನ ರುಚಿಯ ಇಂದ್ರಿಯವನ್ನು ನಿಷ್ಕ್ರಿಯಗೊಳಿಸಿದಾಗ ಹಾಗಾಗಲಿಲ್ಲ. ಮೀನು ಅಲ್ಲಿಂದ ಹೊರಟುಹೋದ ಮೇಲೂ ನೀರು ಅದರ ಗತಿಯನ್ನು ಕೆಲವು ಕ್ಷಣ ಉಳಿಸಿಕೊಂಡಿರುತ್ತದೆಂಬುದೂ, ಅದನ್ನು ಓದಬಲ್ಲ ಜೀವಿಯೊಂದಿದೆಯೆಂಬುದೂ ನನ್ನನ್ನು ಇಂದಿಗೂ ವಿಸ್ಮಯಗೊಳಿಸುವ ಸಂಗತಿಗಳು.

ವೆಲ್ಸ್ ಮತ್ತು ಬಾಳೆಗಳು ಒಂದೇ ಕುಟುಂಬಕ್ಕೆ ಸೇರಿದವು. ಇರುಳಿನ ಸಂಚಾರ, ಮೀನನ್ನೇ ತಿನ್ನುವ ಸ್ವಭಾವ, ಹುರುಪೆಯಿಲ್ಲದ ಚರ್ಮ, ಮೀಸೆ, ಇವೆಲ್ಲ ಎರಡಕ್ಕೂ ಸಮಾನವಾಗಿರುವುದರಿಂದ, ರೇಣುಕಾಸಾಗರದ ರಾಡಿಯಲ್ಲಿ ಬಾಳೆಯೂ ಇದೇ ಇಂದ್ರಿಯವನ್ನು ಆಶ್ರಯಿಸಿರುವುದೆಂದು ನಾನು ತರ್ಕಿಸುತ್ತೇನೆ. ಶಾಂತಸಾಗರದ ಸಾಲ್ಮನ್ನಿನ ರೀತಿ ಇದಕ್ಕೆ ಭಿನ್ನವಾದುದು. ಅದು ಹಗಲಿನ ತಿಳಿನೀರಿನಲ್ಲಿ ಬಹುಮಟ್ಟಿಗೆ ಕಣ್ಣಿನಿಂದ ಬೇಟೆಯಾಡುತ್ತದೆ. ಆದುದರಿಂದಲೇ ಅಲ್ಲಿ ಗಾಳದ ಮುಂದೆ ಮಿರುಗುವ ಹಲಗೆಗಳನ್ನು ಕಟ್ಟುತ್ತಾರೆ, ಬಣ್ಣಗಳನ್ನು ಆಯುತ್ತಾರೆ, ಕೆಂಪು ಬಣ್ಣವು ಕೆಲವೇ ಮೀಟರುಗಳ ಆಳದಲ್ಲಿ ಮಾಸಿಹೋಗುವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮಲಪ್ರಭೆಯಲ್ಲಿ ಆ ಸಂಭ್ರಮಕ್ಕೆಲ್ಲ ಅರ್ಥವಿಲ್ಲ. ಇಲ್ಲಿ ಬೇಕಾದುದು ಅಗಲವಾದ, ನಿಧಾನವಾಗಿ ಓಲಾಡುವ, ದಪ್ಪ ಸುಳಿಗಳನ್ನು ಬಿಡುವ ಎರೆ, ಜಾಡು ಅಳಿಯುವ ಮೊದಲೇ ಹಿಂದಿನಿಂದ ಬರುವ ಬೇಟೆಗಾರನು ಬಂದು ಮುಟ್ಟಲಾಗುವಂತಹ ಮಂದಗತಿ, ಮತ್ತು ಕತ್ತಲೆ. ಎರೆಯನ್ನು ಎಳೆಯುವ ದೋಣಿಯ ಮಾತಿಗೆ ಬಂದರೆ, ನಮ್ಮ ಅಂಬಿಗರ ಹರಿಗೋಲಿಗೆ ತಳಗಂಬವಿಲ್ಲ. ಮುಂದೆ ಕುಳಿತವನು ಹುಟ್ಟಿನಿಂದ ನೀರನ್ನು ತನ್ನೆಡೆಗೆ ಸೆಳೆದುಕೊಂಡಂತೆಲ್ಲ ಅದು ಎಡಕ್ಕೂ ಬಲಕ್ಕೂ ತೊನೆಯುತ್ತ, ಒಮ್ಮೆ ಮುಂದೆ ಸರಿದು ಒಮ್ಮೆ ತಡೆದು ಸಾಗುತ್ತದೆ. ಯಂತ್ರದ ದೋಣಿಯ ಏಕರೂಪವಾದ ಓಟ ಇದಕ್ಕಿಲ್ಲವೆಂದು ಯಾರಾದರೂ ಇದನ್ನು ಕೀಳ್ಗಳೆದಾರು. ಆದರೆ ಹರಿಗೋಲಿನ ಹಿಂದೆ ಬಿಟ್ಟ ಎರೆಯು ಪ್ರತಿಯೊಂದು ಸೆಳೆತಕ್ಕೂ ಏರಿ, ಪ್ರತಿಯೊಂದು ತಡೆಗೂ ಇಳಿದು, ಬಳಲಿದ ಮೀನಿನ ನಡೆಯನ್ನು ತಾನಾಗಿಯೇ ತಳೆಯುವುದರಿಂದ, ಬಾಳೆಯ ಮಟ್ಟಿಗೆ ಇದೇ ಉತ್ತಮ ವಾಹನವೆಂದು ನನ್ನ ಅಭಿಪ್ರಾಯ.

ಬಾಳೆಯ ಭವಿಷ್ಯದ ವಿಷಯದಲ್ಲಿ ನಿಶ್ಚಿಂತೆಯಿಂದಿರುವಂತಿಲ್ಲ. ಅಳಿವಿನ ಭಯವಿರುವ ಜೀವಿಗಳನ್ನು ಪಟ್ಟಿಮಾಡುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಯು.ಸಿ.ಎನ್. ಇದನ್ನು ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ವರ್ಗದಲ್ಲಿ ಎಣಿಸಿದೆ. ಮುಂಗಾರಿನ ಮೊದಲ ನೆರೆಯ ಹೊತ್ತಿಗೆ ಇದು ಆಳವನ್ನು ಬಿಟ್ಟು, ಹೊಸನೀರು ಹರಡಿದ ತೆಳುನೀರಿನ ತಾಣಗಳಿಗೆ ಬಂದು ಮೊಟ್ಟೆಯಿಡುತ್ತದೆ. ಬಸುರಿನ ಭಾರದಿಂದ ಮಂದವಾದ ಮೀನು ಬಲೆಗೂ ಕೋಲಿಗೂ ಸುಲಭವಾಗಿ ಸಿಕ್ಕುವುದು ಆಗಲೇ. ಕಾಟ್ಲ, ರೋಹುಗಳ ಮರಿಗಳನ್ನು ಬಿಟ್ಟು ಬೆಳೆಸುವ ಜಲಾಶಯಗಳಲ್ಲಿ ಬಾಳೆಯನ್ನು ಮರಿಭಕ್ಷಕನೆಂದು ದ್ವೇಷಿಸುವ ವಾಡಿಕೆಯೂ ಇದೆ; ಕೃಷ್ಣೆಯ ಕೊಳ್ಳದಲ್ಲಿ ಆ ಬಿತ್ತನೆಯ ಮೀನುಗಳಿಗಿಂತ ಎಷ್ಟೋ ಹಳೆಯ ನಿವಾಸಿ ಇದೇ ಎಂಬುದನ್ನು ಹಾಗೆ ದ್ವೇಷಿಸುವವರು ನೆನೆಯಬೇಕು. ಶಾಂತಸಾಗರದ ಸಾಲ್ಮನ್ ಜನ್ಮದಲ್ಲಿ ಒಮ್ಮೆ ಮಾತ್ರ ಮೊಟ್ಟೆಯಿಟ್ಟು, ತಾನು ಹುಟ್ಟಿದ ಹೊಳೆಯಲ್ಲಿಯೇ ಸಾಯುತ್ತದೆ. ಬಾಳೆ ಹಾಗಲ್ಲ, ಸಂಗೊಳ್ಳಿಯ ಕೆಳಗಿನ ಹಿನ್ನೀರಿನಲ್ಲಿ ಈ ಮುಂಗಾರಿಗೆ ಉಳಿದುಕೊಂಡ ದೊಡ್ಡ ಹೆಣ್ಣು ಮುಂದಿನ ಮುಂಗಾರಿಗೂ ಮೊಟ್ಟೆಯಿಡಬಲ್ಲದು. ಬಲೆಯ ಕಣ್ಣಿನಲ್ಲಿ ಕಿವಿರು ಸಿಕ್ಕಿ ಇರುಳೆಲ್ಲ ನರಳಿದ ಮೀನನ್ನು ಬಿಟ್ಟರೂ ಅದು ಬದುಕುವುದು ಅಪೂರ್ವ. ಗಾಳಕ್ಕೆ ಸಿಕ್ಕ ಮೀನನ್ನು, ಕೊಕ್ಕೆಗೆ ಹಿಮ್ಮುಳ್ಳಿಲ್ಲದಿದ್ದರೆ, ನೀರಿನಿಂದ ಮೇಲೆತ್ತದೆಯೇ ಕಳಚಿ ಬಿಡಬಹುದು. ವ್ಯಾಂಕೂವರ್ ನಗರವಿರುವ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಲ್ಮನ್ ಹಿಡಿಯುವವರು ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಬೇಕೆಂಬ ಕಟ್ಟಳೆಯಿದೆ. ನಮ್ಮಲ್ಲಿ ಯಾವ ಕಟ್ಟಳೆಗೂ ಕಾಯಬೇಕಾಗಿಲ್ಲ. ಹಿಮ್ಮುಳ್ಳನ್ನು ಒಂದು ಇಕ್ಕಳದಿಂದ ಅಮುಕಿದರೆ ಆಯಿತು.