ಹಳ್ಳಕ್ಕೆ ತಕ್ಕ ಗಾಳದ ಕೋಲು



ಮಲೆನಾಡಿನ ಯಾವ ಊರಿಗೆ ಹೋದರೂ ಗದ್ದೆಯ ಅಂಚಿನಲ್ಲೋ ತೋಟದ ಕೆಳಗೋ ಒಂದು ಹಳ್ಳ ಇದ್ದೇ ಇರುತ್ತದೆ. ಮಳೆಯ ಅಬ್ಬರ ಇಳಿದು ನೀರು ತಿಳಿಯಾದ ಮೇಲೆ, ಕೊಯ್ಲಿಗೆ ಇನ್ನೂ ಹೊತ್ತಿದೆ ಎನ್ನುವಾಗ, ಸಂಜೆ ಸ್ವಲ್ಪ ಬಿಡುವು ಸಿಕ್ಕಿದರೆ ಗಾಳ ಹಿಡಿದು ಹಳ್ಳದ ಕಡೆ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ನಾಲ್ಕು ಗೆಂಡೆ ಸಿಕ್ಕಿದರೆ ರಾತ್ರಿಯ ಸಾರಿಗಾಯಿತು. ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಮಕ್ಕಳ ಎಲುಬಿಗೂ ಒಳ್ಳೆಯದು.

ಆದರೆ ಎಷ್ಟೋ ಜನ ಬರಿಗೈಯಲ್ಲಿ ಹಿಂತಿರುಗುತ್ತಾರೆ. “ಹಳ್ಳದಲ್ಲಿ ಮೀನೇ ಇಲ್ಲ” ಅಂತಾರೆ. ಮೀನು ಇರುತ್ತದೆ, ಕೋಲು ಸರಿಯಿರುವುದಿಲ್ಲ. ದೊಡ್ಡ ಹೊಳೆಗೆ ಹಿಡಿಯುವ ಕೋಲನ್ನು ಹಳ್ಳಕ್ಕೂ ಹೊತ್ತುಕೊಂಡು ಹೋದರೆ ಹೀಗೇ ಆಗುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬಲ್ಲಿರಿ. ಗಾಳಕ್ಕೂ ಅದೇ ಲೆಕ್ಕ: ಹಳ್ಳ ಇದ್ದಷ್ಟು ಕೋಲು. ಆ ಕೋಲನ್ನು ಆರಿಸುವುದು ಹೇಗೆ ಎಂಬುದನ್ನು ಈಗ ನೋಡೋಣ.

ಮೊದಲು ಉದ್ದದ ಮಾತು. ಕೋಲು ಕೊಳ್ಳುವ ಮುಂಚೆ, ಕಡಿಯುವ ಮುಂಚೆ, ಒಮ್ಮೆ ಹಳ್ಳಕ್ಕೆ ಹೋಗಿ ನಿಂತು ನೋಡಿ. ತಲೆಯ ಮೇಲೆ ಕೊಂಬೆ ಬಾಗಿದೆಯೇ? ಹಿಂದೆ ಕೇದಿಗೆಯ ಪೊದೆ ಇದೆಯೇ? ಹಳ್ಳ ಎಷ್ಟು ಅಗಲ? ಮರಗಳ ಕೆಳಗೆ ಹರಿಯುವ ಕಿರಿದಾದ ಹಳ್ಳವಾದರೆ ೬ರಿಂದ ೭ ಅಡಿ ಕೋಲು ಸಾಕು. ಗದ್ದೆ ಬಯಲಿನಲ್ಲಿ ಆಕಾಶಕ್ಕೆ ತೆರೆದುಕೊಂಡ ಹಳ್ಳವಾದರೆ ೯–೧೦ ಅಡಿ ಇರಲಿ. ಅಲ್ಲಿ ಮರೆಯಿಲ್ಲ, ನೀವು ದಡಕ್ಕೆ ಬಂದರೆ ನೆರಳು ನೀರಿಗೆ ಬೀಳುತ್ತದೆ, ಮೀನು ಕಲ್ಲಿನಡಿ ಸೇರಿಬಿಡುತ್ತದೆ. ಕೋಲು ಉದ್ದವಿದ್ದರೆ ನಾಲ್ಕು ಹೆಜ್ಜೆ ಹಿಂದೆಯೇ ಕೂತು ಗಾಳ ಇಳಿಸಬಹುದು. ದಾರದ ಉದ್ದ ಕೋಲಿನಷ್ಟೇ ಇರಲಿ, ಇಲ್ಲವೇ ಒಂದು ಗೇಣು ಕಡಿಮೆಯಿರಲಿ. ಆಗ ಕೋಲು ಎತ್ತಿದೊಡನೆ ಮೀನು ತೂಗಿಕೊಂಡು ನೇರವಾಗಿ ಕೈಗೆ ಬರುತ್ತದೆ. ದಾರ ಅದಕ್ಕಿಂತ ಉದ್ದವಾದರೆ ಮೀನು ಮೇಲಿನ ಕೊಂಬೆಗೆ ಹೋಗಿ ನೇತಾಡುತ್ತದೆ!

ಇನ್ನು ಬಾಗು. ಕೋಲು ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂದು ಅನೇಕರ ತಿಳಿವಳಿಕೆ. ಅದು ತಪ್ಪು. ಗೆಂಡೆಯ ಬಾಯಿ ಮೆತ್ತಗಿರುತ್ತದೆ. ಬಾಗದ ಕೋಲಿನಿಂದ ಝಗ್ಗನೆ ಎಳೆದರೆ ಬಾಯಿ ಹರಿದು ಮೀನು ಜಾರುತ್ತದೆ, ಇಲ್ಲವೇ ದಾರ ತುಂಡಾಗುತ್ತದೆ. ತುದಿ ಬಾಗಿದರೆ ಮೀನಿನ ಜಗ್ಗಾಟವನ್ನು ಕೋಲೇ ನುಂಗಿಕೊಳ್ಳುತ್ತದೆ. ಗಾಡಿಯ ಅಚ್ಚಿನ ಮೇಲಿನ ಕಮಾನುಪಟ್ಟಿ ಏಟು ತಾಳುವುದಿಲ್ಲವೇ, ಹಾಗೆ. ಬುಡ ಹೆಬ್ಬೆರಳಿನಷ್ಟು ದಪ್ಪವಿರಲಿ, ತುದಿ ಊದುಬತ್ತಿಗಿಂತ ತುಸು ದಪ್ಪವಿರಲಿ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕೋಲಿನ ತುದಿಗೆ ನೇತುಹಾಕಿ, ಬುಡ ಹಿಡಿದು ನಿಧಾನವಾಗಿ ಎತ್ತಿ. ಬಾಗು ತುದಿಯಲ್ಲಿ ಹೆಚ್ಚಾಗಿ, ನಡುವಿಗೆ ಬರುತ್ತ ಕಡಿಮೆಯಾಗಿ, ಕುಡುಗೋಲಿನ ಹಾಗೆ ನುಣ್ಣಗೆ ಇಳಿಯಬೇಕು. ಒಂದು ಗಿಣ್ಣಿನ ಹತ್ತಿರ ಮುರಿದಂತೆ ಮಡಿಚಿಕೊಂಡರೆ ಆ ಕೋಲು ಬೇಡ. ಗಂಟು ತೆಗೆದು ಕೋಲನ್ನು ಒಮ್ಮೆ ಅಲ್ಲಾಡಿಸಿ. ಎರಡು ಮೂರು ತೂಗಿಗೆ ನಿಂತರೆ ಒಳ್ಳೆಯ ಕೋಲು. ನಡುಗುತ್ತಲೇ ಇದ್ದರೆ ಹಸಿ ಕೋಲು ಎಂದು ತಿಳಿಯಿರಿ.

ಈಗ ಬಿದಿರಿನ ಆಯ್ಕೆ. ಹೆಬ್ಬಿದಿರು ಮನೆ ಕಟ್ಟಲು ಸರಿ, ಗಾಳಕ್ಕೆ ಅಲ್ಲ. ಅದು ದಪ್ಪ, ಒಳಗೆ ಟೊಳ್ಳು. ಗಾಳಕ್ಕೆ ಬೇಕಾದದ್ದು ಕಿರುಬಿದಿರು. ಕೆಲವರು ಇದನ್ನು ಗಂಡುಬಿದಿರು ಎನ್ನುತ್ತಾರೆ. ಒಣ ನೆಲದಲ್ಲಿ ಬೆಳೆದದ್ದಾದರೆ ಒಳಗೆ ಹೆಚ್ಚುಕಡಿಮೆ ತುಂಬಿಕೊಂಡೇ ಇರುತ್ತದೆ, ಬಾಗಿದರೂ ಸೀಳುವುದಿಲ್ಲ. ಮೆಳೆಯಲ್ಲಿ ಮೂರು ವರ್ಷ ದಾಟಿದ ಸಣ್ಣ ಗಳವನ್ನು ಹುಡುಕಿ. ಮೈಮೇಲೆ ಬಿಳಿಯ ಪುಡಿ, ಗಿಣ್ಣಿಗೆ ಹೊದಿಕೆ ಅಂಟಿಕೊಂಡಿದ್ದರೆ ಅದು ಈ ವರ್ಷದ ಎಳೆಯ ಗಳ, ಒಣಗಿದರೆ ಸುಕ್ಕುಗಟ್ಟುತ್ತದೆ. ಹಸುರು ಮಂಕಾಗಿ, ಅಲ್ಲಲ್ಲಿ ಬೂದಿ ಬಣ್ಣದ ಮಚ್ಚೆ ಬಿದ್ದಿದ್ದು, ಕತ್ತಿಯ ಹಿಡಿಯಿಂದ ತಟ್ಟಿದರೆ ಗಟ್ಟಿ ಸದ್ದು ಬಂದರೆ ಅದು ಬಲಿತದ್ದು. ಹೂಬಿಟ್ಟು ಸತ್ತ ಮೆಳೆಯ ಬಿದಿರು ಪೆಡಸು, ಅದನ್ನು ಮುಟ್ಟಬೇಡಿ. ನೆಲದಿಂದ ಒಂದೆರಡು ಗಿಣ್ಣು ಬಿಟ್ಟು, ಗಿಣ್ಣಿಗೆ ಒತ್ತಿ ಮೇಲೆಯೇ ಕಡಿದರೆ ಕೂಳೆಯಲ್ಲಿ ನೀರು ನಿಲ್ಲದು, ಮೆಳೆ ಕೊಳೆಯದು.

ಇಲ್ಲಿ ಒಂದು ಕಾನೂನಿನ ಮಾತು. ಕಾಡಿನ ಬಿದಿರನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕಾಡಲ್ಲದ ಜಮೀನಿನಲ್ಲಿ ಬೆಳೆದ ಬಿದಿರನ್ನು ಮಾತ್ರ ಭಾರತೀಯ ಅರಣ್ಯ ಕಾಯಿದೆಯ ‘ಮರ’ ಎಂಬ ಪಟ್ಟಿಯಿಂದ ೨೦೧೭ರಲ್ಲಿ ಕೈಬಿಡಲಾಗಿದೆ. ಆದ್ದರಿಂದ ಬೇಲಿಯ ಬದಿಯಲ್ಲಿ ಒಂದೆರಡು ಮೆಳೆ ಎಬ್ಬಿಸಿಕೊಳ್ಳಿ. ಕೋಲಿಗೂ ಆಯಿತು, ಬುಟ್ಟಿಗೂ ಆಯಿತು.

ಕಡಿಯುವ ಕಾಲ ಯಾವುದು? ಮಳೆಗಾಲದಲ್ಲಿ ಕಳಲೆ ಏಳುವಾಗ ಕಡಿಯಬೇಡಿ. ಮಳೆ ನಿಂತು ಚಳಿ ಬಿದ್ದ ಮೇಲೆ, ಡಿಸೆಂಬರ್–ಜನವರಿಯಲ್ಲಿ ಕಡಿಯಿರಿ. ಕುಟ್ಟೆ ಹುಳು ಬಿದಿರಿಗೆ ಬರುವುದು ಅದರೊಳಗಿನ ಗಂಜಿಯಂಥ ಪಿಷ್ಟಕ್ಕಾಗಿ. ಕಡಿದ ಗಳವನ್ನು ಹರಿಯುವ ನೀರಿನಲ್ಲಿ ೩–೪ ವಾರ ಮುಳುಗಿಸಿಟ್ಟರೆ ಆ ಪಿಷ್ಟ ಬಹುಮಟ್ಟಿಗೆ ಕರಗಿ ಹೋಗುತ್ತದೆ. ಆಮೇಲೆ ತುದಿ ಕೆಳಗಾಗಿ ನೇತುಹಾಕಿ, ತುದಿಗೆ ಒಂದು ಕಲ್ಲು ಕಟ್ಟಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಒಣಗಿದ ಮೇಲೂ ಡೊಂಕು ಉಳಿದಿದ್ದರೆ ಕೆಂಡದ ಮೇಲೆ ಆಡಿಸಿ ಬಿಸಿಮಾಡಿ, ಬಟ್ಟೆಯಲ್ಲಿ ಹಿಡಿದು ನೇರ ಮಾಡಿ, ಆರುವ ತನಕ ಹಾಗೆಯೇ ಹಿಡಿದುಕೊಳ್ಳಿ. ಹೊಗೆ ತಾಗುವ ಅಟ್ಟದಲ್ಲಿಟ್ಟ ಕೋಲು ಬಹಳ ಕಾಲ ಬಾಳುತ್ತದೆ.

ಕೋಲನ್ನು ನಯ ಮಾಡುವ ಆಸೆಯಿಂದ ಸಿಪ್ಪೆ ಹೆರೆಯಬೇಡಿ. ಬಿದಿರಿನ ಬಲವೆಲ್ಲ ಹೊರಸಿಪ್ಪೆಗೆ ಅಂಟಿದ ದಟ್ಟ ನಾರಿನಲ್ಲಿದೆ. ಗಿಣ್ಣಿನ ಮೊನೆಯನ್ನು ಮಾತ್ರ ಸವರಿದರೆ ಸಾಕು. ೧೯ನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಕುಶಲಕರ್ಮಿಗಳು ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದರು. ಕಲ್ಕತ್ತೆಯಿಂದ ಹಡಗಿನಲ್ಲಿ ಹೋದ ನಮ್ಮ ದೇಶದ ಬಿದಿರನ್ನು ಸೀಳಿ, ಸಿಪ್ಪೆ ಹೊರಗಿರುವಂತೆ ಆರು ಸೀಳು ಅಂಟಿಸಿ, ಹಕ್ಕಿಯ ಗರಿಯಿಂದ ಕಟ್ಟಿದ ಹುಸಿನೊಣದ ಗಾಳಕ್ಕೆ ಕೋಲು ಮಾಡುತ್ತಿದ್ದರು. ಜಪಾನಿನ ಬೆಟ್ಟದ ಹಳ್ಳಗಳಲ್ಲಿ ‘ತೆಂಕರ’ ಎಂಬ ಪದ್ಧತಿ ಇಂದಿಗೂ ಇದೆ. ಅದರಲ್ಲಿಯೂ ದಾರ ಸುತ್ತುವ ರಾಟೆಯಿಲ್ಲ. ನಮ್ಮ ಹಾಗೆಯೇ ಕೋಲಿನ ತುದಿಗೆ ದಾರ, ದಾರದ ತುದಿಗೆ ಗಾಳ. ಸಣ್ಣ ಹಳ್ಳಕ್ಕೆ ಅಷ್ಟು ಸಾಕು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ದಾರ ಕಟ್ಟುವುದರಲ್ಲಿ ಒಂದು ಉಪಾಯವಿದೆ. ನೈಲಾನ್ ದಾರವನ್ನು, ಅಂದರೆ ತಂಗೂಸಿಯನ್ನು, ತುದಿಗೆ ಮಾತ್ರ ಬಿಗಿಯಬೇಡಿ. ಮೊದಲು ಕೋಲಿನ ನಡುವೆ ಒಂದು ಗಿಣ್ಣಿನ ಕೆಳಗೆ ಕಟ್ಟಿ, ಅಲ್ಲಿಂದ ಬಳ್ಳಿಯಂತೆ ಸುತ್ತಿಕೊಂಡು ಹೋಗಿ ತುದಿಯಲ್ಲಿ ಗಂಟು ಹಾಕಿ. ತುದಿ ಮುರಿದರೂ ಮೀನು ಕೈಬಿಟ್ಟು ಹೋಗುವುದಿಲ್ಲ. ಹಳೆಯ ದಾರವನ್ನು ದಡದಲ್ಲಿ ಎಸೆಯಬೇಡಿ. ಹಕ್ಕಿಯ ಕಾಲಿಗೆ ಸುತ್ತುತ್ತದೆ, ಮೇಯುವ ದನದ ಹೊಟ್ಟೆ ಸೇರುತ್ತದೆ.

ಪೇಟೆಯಲ್ಲಿ ಗಾಜಿನ ನಾರಿನ ಕೋಲು, ಕಾರ್ಬನ್ ಕೋಲು ಸಿಗುತ್ತವೆ. ಹಗುರ, ಮಡಚಿ ಚೀಲದಲ್ಲಿಡಬಹುದು. ಅವನ್ನೂ ಮೇಲೆ ಹೇಳಿದ ಅಕ್ಕಿ ಗಂಟಿನಿಂದಲೇ ಪರೀಕ್ಷಿಸಿ. ಆದರೆ ಕಾರ್ಬನ್ ಕೋಲಿನಲ್ಲಿ ವಿದ್ಯುತ್ತು ಹರಿಯುತ್ತದೆ ಎಂಬುದನ್ನು ಮರೆಯಬೇಡಿ. ನೆನೆದ ಬಿದಿರಿನಲ್ಲಿಯೂ ಹರಿಯುತ್ತದೆ. ತೋಟದ ಪಂಪಿಗೆ ಎಳೆದ ತಂತಿ ಹಳ್ಳದ ಮೇಲೆ ಹಾದುಹೋಗುವುದುಂಟು. ತಂತಿಯ ಹತ್ತಿರವೂ, ಗುಡುಗು ಮಿಂಚಿನಲ್ಲಿಯೂ ಕೋಲು ಎತ್ತಲೇಬಾರದು. ಇದನ್ನು ಮಕ್ಕಳಿಗೆ ಹೇಳಿಕೊಡಿ.

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಗಾಳಕ್ಕೆ ಮೀನು ಬೀಳಲಿಲ್ಲವೆಂದು ಬೇಸತ್ತು ಕೆಲವರು ಹಳ್ಳಕ್ಕೆ ಕಾರೆಕಾಯಿ ಅರೆದು ಹಾಕುತ್ತಾರೆ, ಅಡಿಕೆಗೆಂದು ತಂದ ಮೈಲುತುತ್ತ ಸುರಿಯುತ್ತಾರೆ, ಸಿಡಿಮದ್ದು ಹಾಕುತ್ತಾರೆ. ಒಂದು ದಿನದ ಸಾರಿಗಾಗಿ ಮರಿ, ಮೊಟ್ಟೆ, ಏಡಿ, ಸಿಗಡಿ ಎಲ್ಲವೂ ಸಾಯುತ್ತವೆ. ಕೆಳಗಿನ ಊರಿನವರೂ ದನಕರುಗಳೂ ಅದೇ ನೀರು ಕುಡಿಯಬೇಕು. ವಿಷ ಹಾಕುವುದೂ ಸಿಡಿಮದ್ದು ಸಿಡಿಸುವುದೂ ಅಪರಾಧವೆಂದು ೧೮೯೭ರ ಮೀನುಗಾರಿಕೆ ಕಾಯಿದೆಯೇ ಹೇಳಿತ್ತು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಹೊಳೆಗೆ ೧೯೯೬ರಲ್ಲಿ ಯಾರೋ ವಿಷ ಹಾಕಿ, ಜನ ದೇವರ ಮೀನೆಂದು ಸಾಕಿಕೊಂಡು ಬಂದಿದ್ದ ಸಾವಿರಾರು ಮೀನು ಸತ್ತುಹೋದವು. ತಲೆಮಾರುಗಳಿಂದ ಉಳಿದು ಬಂದದ್ದು ಅಳಿಯಲು ಎಷ್ಟು ಹೊತ್ತು ಬೇಕು, ನೀವೇ ಯೋಚಿಸಿ.

ಆದ್ದರಿಂದ ದೇವರ ಮಡುವಿನಲ್ಲಿ, ಅಭಯಾರಣ್ಯದಲ್ಲಿ ಗಾಳ ಹಾಕಬೇಡಿ. ಮೊದಲ ಮಳೆಯ ಹೊಸನೀರಿಗೆ ಮೀನು ಹಳ್ಳ ಹತ್ತುವುದು ಮೊಟ್ಟೆಯಿಡಲಿಕ್ಕೆ. ಆ ಕೆಲವು ವಾರ ಕೋಲು ಅಟ್ಟದ ಮೇಲೆಯೇ ಇರಲಿ. ಬೆರಳುದ್ದದ ಮರಿ ಸಿಕ್ಕರೆ ಕೈ ನೆನೆಸಿಕೊಂಡು ಬಿಡಿಸಿ, ನೀರಿಗೆ ಬಿಡಿ. ಬೀಜದ ಭತ್ತವನ್ನು ಕುಟ್ಟಿ ಉಣ್ಣುವ ರೈತನುಂಟೇ?

ಕೋಲು ಒಂದು ಸಲಕ್ಕೆ ಒಂದೇ ಮೀನನ್ನು ತರುತ್ತದೆ. ಅದು ಕೋಲಿನ ಕೊರತೆಯಲ್ಲ, ಅದೇ ಅದರ ಗುಣ. ಉಳಿದದ್ದು ಬರುವ ವರ್ಷಕ್ಕೆ, ನಿಮ್ಮ ಮಕ್ಕಳಿಗೆ. ಈ ಚಳಿಗಾಲದಲ್ಲಿ ಒಂದು ಒಳ್ಳೆಯ ಗಳ ಆರಿಸಿ, ನೆನೆಸಿ, ಒಣಗಿಸಿಡಿ.