ನಾತಾಳದ ಬೆಣ್ಣೆ ಬಿಸ್ಕತ್ತು: ಖಾನಾಪುರದ ಗೋಡಂಬಿಗೆ ಮನೆಯಲ್ಲೇ ಬೆಲೆ

ಡಿಸೆಂಬರ್ ತಿಂಗಳ ಎರಡನೇ ವಾರ ಬಂತೆಂದರೆ ಬೆಳಗಾವಿ ನಗರದ ಬೇಕರಿಗಳಲ್ಲಿ ಕೆಲಸ ಹೆಚ್ಚುತ್ತದೆ. ಕ್ರಿಸ್ಮಸ್ ಹಬ್ಬವನ್ನು ಈ ಕಡೆ ನಾತಾಳ ಎಂದೇ ಕರೆಯುವುದು ರೂಢಿ. ಗೋವೆಯ ನಂಟಿರುವ ಕ್ರೈಸ್ತ ಮನೆಗಳಲ್ಲಿ ಆ ದಿನಗಳಲ್ಲಿ ನೇವರಿ, ಕುಲ್ಕುಲ್, ದೋದೊಲ್ ಮುಂತಾದ ತಿನಿಸುಗಳು ತಯಾರಾಗಿ ನೆರೆಹೊರೆಗೆ ತಟ್ಟೆಯಲ್ಲಿ ಹೋಗುತ್ತವೆ. ನೇವರಿ ಎಂದರೆ ನಮ್ಮ ಕರ್ಜಿಕಾಯಿಯ ಅಣ್ಣತಮ್ಮನೇ. ಈ ತಟ್ಟೆಯಲ್ಲಿ ಗೋಡಂಬಿ ಹಾಕಿದ ಬೆಣ್ಣೆ ಬಿಸ್ಕತ್ತಿಗೂ ಒಂದು ಜಾಗವಿದೆ. ನಾತಾಳ ಆಚರಿಸದ ಮನೆಯವರೂ ಇದನ್ನು ಕೊಂಡು ತಿನ್ನುತ್ತಾರೆ.

ನಗರದಿಂದ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರ ತಾಲ್ಲೂಕಿನಲ್ಲಿ ಈ ಬಿಸ್ಕತ್ತಿಗೆ ಬೇಕಾದ ಎರಡು ಮುಖ್ಯ ಸಾಮಗ್ರಿಗಳೂ ಇವೆ: ಗೇರು ಬೀಜ ಮತ್ತು ಎಮ್ಮೆಯ ಬೆಣ್ಣೆ. ಜಾಂಬೋಟಿ, ಕಣಕುಂಬಿ ಕಡೆಯ ಜಂಬಿಟ್ಟಿಗೆ ಮಣ್ಣಿನ ಇಳಿಜಾರುಗಳಲ್ಲಿ ಬೇರೆ ಬೆಳೆ ಸರಿಯಾಗಿ ಏಳದ ಕಡೆಯೂ ಗೇರು ನಿಲ್ಲುತ್ತದೆ. 16ನೇ ಶತಮಾನದಲ್ಲಿ ಪೋರ್ತುಗೀಸರು ಬ್ರೆಜಿಲ್ ದೇಶದಿಂದ ತಂದ ಈ ಮರ ಗೋವೆಗೆ ಬಂದು, ಘಟ್ಟ ಹತ್ತಿ ನಮ್ಮದೇ ಆಗಿದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಚೀಲ ತುಂಬಿದ ಕೂಡಲೇ ವ್ಯಾಪಾರಿ ಹೇಳಿದ ದರಕ್ಕೆ ಹಸಿ ಬೀಜ ಕೊಟ್ಟುಬಿಡುವ ರೈತನಿಗೆ, ಅದೇ ಬೀಜದ ತಿರುಳು ಡಿಸೆಂಬರಿನಲ್ಲಿ ಬಿಸ್ಕತ್ತಿನ ಮೇಲೆ ಕುಳಿತು ಯಾವ ಬೆಲೆಗೆ ಮಾರಾಟವಾಗುತ್ತದೆ ಎಂಬುದು ಕಾಣುವುದಿಲ್ಲ. ಬೀಜದಲ್ಲಿ ಒಂದು ಪಾಲನ್ನಾದರೂ ಮನೆಯಲ್ಲಿ ಉಳಿಸಿಕೊಂಡು ಹಬ್ಬದ ಹೊತ್ತಿಗೆ ಬಿಸ್ಕತ್ತು ಮಾಡುವುದು ಸಾಧ್ಯವೇ, ಲಾಭವೇ ಎಂಬುದನ್ನು ಇಲ್ಲಿ ನೋಡೋಣ.

ಬೀಜದಿಂದ ತಿರುಳಿನವರೆಗೆ

ಬಿಸ್ಕತ್ತಿನ ಗುಣ ಮರದ ಕೆಳಗೇ ಆರಂಭವಾಗುತ್ತದೆ. ಕೋಲಿನಿಂದ ಬಡಿದು ಬಲಿಯದ ಬೀಜ ಬೀಳಿಸಬಾರದು. ಹಣ್ಣು ತಾನಾಗಿ ಉದುರಿದ ಮೇಲೆ ಬೀಜ ಬೇರ್ಪಡಿಸಿ, ನೀರಿಗೆ ಹಾಕಿ ನೋಡಬೇಕು. ಬಲಿತ ಬೀಜ ಮುಳುಗುತ್ತದೆ, ಪೊಳ್ಳು ತೇಲುತ್ತದೆ. ಮುಳುಗಿದ್ದನ್ನು 2-3 ದಿನ ಒಳ್ಳೆಯ ಬಿಸಿಲಿನಲ್ಲಿ ಆಗಾಗ ಮಗುಚುತ್ತ ಒಣಗಿಸಿ, ತೇವಾಂಶ ಶೇಕಡಾ 8-9ಕ್ಕೆ ಇಳಿಸಬೇಕು. ಹೀಗೆ ಒಣಗಿದ ಬೀಜವನ್ನು ಗೋಣಿಚೀಲದಲ್ಲಿ ತುಂಬಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಟ್ಟರೆ ಮಳೆಗಾಲ ದಾಟಿಸಬಹುದು. ಅರೆ ಒಣಗಿದ ಬೀಜವನ್ನು ಕಣಕುಂಬಿಯಂಥ ಮಳೆಯ ಊರಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುವುದು ಖಚಿತ. ಬಿಸಿಲು ಸಿಗದೆ ಸರಿಯಾಗಿ ಒಣಗಿಸಲಾಗದವರು ಆ ಬೀಜವನ್ನು ಹಾಗೆಯೇ ಮಾರಿಬಿಡುವುದು ಲೇಸು.

ಇನ್ನು ಸಿಪ್ಪೆ ಒಡೆಯುವ ಮಾತು. ಗೇರು ಬೀಜದ ಹೊರಕವಚದಲ್ಲಿ ಚರ್ಮ ಸುಡುವ ಎಣ್ಣೆ ಇದೆ. ಹಸಿ ಬೀಜವನ್ನು ಬರಿಗೈಯಿಂದ ಒಡೆಯುವುದು, ಒಲೆಯ ಕೆಂಡದಲ್ಲಿ ಸುಟ್ಟು ಹೊಗೆ ಕುಡಿಯುವುದು, ಎರಡೂ ಬೇಡ. ಮನೆಯ ಹೆಣ್ಣುಮಕ್ಕಳ ಕೈ ಸುಟ್ಟುಕೊಂಡು ಗಳಿಸುವ ಲಾಭ ಲಾಭವಲ್ಲ. ಬೀಜವನ್ನು ಹಬೆಯಲ್ಲಿ ಬೇಯಿಸಿ, ಯಂತ್ರದಿಂದ ಒಡೆದು, ತಿರುಳನ್ನು ಒಣಗಿಸಿ, ಒಳಸಿಪ್ಪೆ ತೆಗೆಯುವ ಸಂಸ್ಕರಣಾ ಘಟಕಗಳು ಗಡಿಯಾಚೆಯ ಚಂದಗಡ, ಆಜರಾ ಭಾಗದಲ್ಲಿ ಇವೆ. ನಾಲ್ಕಾರು ರೈತರು ಸೇರಿ ಬೀಜ ಒಯ್ದು ಕೂಲಿ ಕೊಟ್ಟು ಒಡೆಸಲು ಆಗುವುದೇ ಎಂದು ಮೊದಲೇ ವಿಚಾರಿಸಬೇಕು. ಸಾಧಾರಣವಾಗಿ 4 ಕಿಲೋ ಬೀಜಕ್ಕೆ 1 ಕಿಲೋ ತಿರುಳು ದೊರೆಯುತ್ತದೆ. ವೆಂಗುರ್ಲಾ-4, ವೆಂಗುರ್ಲಾ-7ರಂಥ ತಳಿಗಳಲ್ಲಿ ತಿರುಳಿನ ಪ್ರಮಾಣ ಶೇಕಡಾ 30ರ ಆಸುಪಾಸಿಗೆ ಏರುತ್ತದೆ. ಹೊಸದಾಗಿ ಗಿಡ ನೆಡುವವರು ಕಸಿ ಗಿಡವನ್ನೇ ಆರಿಸಲು ಇದೂ ಒಂದು ಕಾರಣ.

ತಿರುಳು ಬಂದ ಮೇಲೆ ಅದನ್ನು ಎರಡು ಪಾಲು ಮಾಡಿರಿ. ಪೇಟೆಯಲ್ಲಿ ಗೋಡಂಬಿಯನ್ನು ಗಾತ್ರದ ಮೇಲೆ ವಿಂಗಡಿಸುತ್ತಾರೆ. 320 ಎಂಬ ದರ್ಜೆಯೆಂದರೆ ಒಂದು ಪೌಂಡಿಗೆ ಸುಮಾರು 300ರಿಂದ 320 ತಿರುಳು ತೂಗುವಂಥದು, 180 ಎಂದರೆ ಅದಕ್ಕಿಂತ ಬಹಳ ದಪ್ಪ. ಇಡೀ ತಿರುಳಿಗೆ ಒಳ್ಳೆಯ ಬೆಲೆ ಇರುವುದರಿಂದ ಅದನ್ನು ಮಾರಬೇಕು. ಒಡೆದ ಹೋಳು, ತುಕಡಿಗೆ ಬೆಲೆ ಬಹಳ ಕಡಿಮೆ. ಆದರೆ ರುಚಿಯಲ್ಲಾಗಲಿ, ಎಣ್ಣೆಯ ಅಂಶದಲ್ಲಾಗಲಿ, ಪ್ರೋಟೀನಿನಲ್ಲಾಗಲಿ ತುಕಡಿಗೂ ಇಡೀ ತಿರುಳಿಗೂ ವ್ಯತ್ಯಾಸವಿಲ್ಲ. ಬಿಸ್ಕತ್ತಿಗೆ ಹೇಗೂ ಜಜ್ಜಿಯೇ ಹಾಕಬೇಕು. ಇಡೀ ಗೋಡಂಬಿಯನ್ನು ಒಡೆದು ಬಿಸ್ಕತ್ತಿಗೆ ಹಾಕುವುದೆಂದರೆ ಬಾಸುಮತಿ ಅಕ್ಕಿಯನ್ನು ಬೀಸಿ ರೊಟ್ಟಿ ತಟ್ಟಿದಂತೆ.

ಬೆಣ್ಣೆಯೇ ನಿಜವಾದ ಖರ್ಚು

ಗೋಡಂಬಿ ಬಿಸ್ಕತ್ತಿನಲ್ಲಿ ಗೋಡಂಬಿಯೇ ದುಬಾರಿ ಎಂದು ಹಲವರು ತಿಳಿದಿದ್ದಾರೆ. ಲೆಕ್ಕ ಹಾಕಿದರೆ ಹಾಗಲ್ಲ. ಮುಂದೆ ಕೊಟ್ಟಿರುವ ಅಳತೆಯಲ್ಲಿ ಗೋಡಂಬಿ 100 ಗ್ರಾಂ, ಬೆಣ್ಣೆ 200 ಗ್ರಾಂ. ಎಮ್ಮೆಯ ಹಾಲಿನಲ್ಲಿ ಶೇಕಡಾ 7ರಷ್ಟು ಕೊಬ್ಬಿದೆ ಎಂದುಕೊಂಡರೆ, 200 ಗ್ರಾಂ ಬೆಣ್ಣೆಗೆ ಸುಮಾರು ಎರಡೂವರೆ ಲೀಟರ್ ಹಾಲು ಬೇಕು. ಡೇರಿಗೆ ಹಾಕಿದ್ದರೆ ಆ ಹಾಲಿಗೆ ಎಷ್ಟು ಬರುತ್ತಿತ್ತು ಎಂಬುದನ್ನು ಖರ್ಚಿನಲ್ಲಿ ಬರೆಯಲೇಬೇಕು. ಮನೆಯ ಎಮ್ಮೆ, ಮನೆಯ ಬೆಣ್ಣೆ ಎಂದು ಅದನ್ನು ಪುಕ್ಕಟೆ ಎಣಿಸಿದವರು ವರ್ಷದ ಕೊನೆಗೆ ನಷ್ಟವನ್ನೇ ಲಾಭವೆಂದು ತಿಳಿದಿರುತ್ತಾರೆ. ಕಡೆದ ಮಜ್ಜಿಗೆ ಮನೆಗೆ ಉಳಿಯುತ್ತದೆ ಎಂಬುದೂ ನಿಜವೇ. ಅದಕ್ಕೂ ಒಂದು ಬೆಲೆ ಕಟ್ಟಿ ಆಚೆ ಬರೆದುಕೊಳ್ಳಿರಿ.

ಹಿಟ್ಟಿನಲ್ಲಿ ಬೆಣ್ಣೆಗೆ ಒಂದು ನಿರ್ದಿಷ್ಟ ಕೆಲಸವಿದೆ. ಗೋಧಿ ಹಿಟ್ಟಿಗೆ ನೀರು ಬೆರೆತು ನಾದಿದಾಗ ಅದರ ಪ್ರೋಟೀನು ರಬ್ಬರಿನಂಥ ಜಿಗುಟಾಗಿ ಹೆಣೆದುಕೊಳ್ಳುತ್ತದೆ. ಚಪಾತಿಗೆ ಇದು ಬೇಕು, ಬಿಸ್ಕತ್ತಿಗೆ ಬೇಡ. ಬೆಣ್ಣೆಯು ಹಿಟ್ಟಿನ ಕಣಗಳ ಸುತ್ತ ಪೊರೆಯಾಗಿ ನಿಂತು ನೀರು ತಾಗದಂತೆ ತಡೆಯುತ್ತದೆ. ಆದ್ದರಿಂದಲೇ ಬಿಸ್ಕತ್ತು ಬಾಯಲ್ಲಿ ಇಟ್ಟೊಡನೆ ಪುಡಿಯಾಗುತ್ತದೆ. ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿದ್ದರೆ ಈ ಗುಣ ಕೆಡುತ್ತದೆ, ಹುಳಿ ವಾಸನೆಯೂ ಬರುತ್ತದೆ. ಮನೆಯ ಬೆಣ್ಣೆಯನ್ನು ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆದು, ಹಿಂಡಿ ಬಳಸಬೇಕು. ಹಳೆಯ ಬೆಣ್ಣೆಯಾದರೆ ಕಾಯಿಸಿ ತುಪ್ಪ ಮಾಡುವುದೇ ಒಳ್ಳೆಯದು. ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ರಷ್ಟು, ಉಳಿದದ್ದು ಬಹುಪಾಲು ನೀರು. ಹಾಗಾಗಿ 200 ಗ್ರಾಂ ಬೆಣ್ಣೆಯ ಬದಲು 160 ಗ್ರಾಂ ತುಪ್ಪ ಮತ್ತು 2 ಚಮಚ ಹಾಲು ಸಾಕು. ತುಪ್ಪದ ಬಿಸ್ಕತ್ತು ನಾನ್‌ಖಟಾಯಿಗೆ ಹತ್ತಿರವಾಗುತ್ತದೆ, ಅದನ್ನು ಬೇಡವೆನ್ನುವವರಿಲ್ಲ.

ಖರ್ಚು ಇಳಿಸಲು ವನಸ್ಪತಿ ಬೆರೆಸುವ ಆಸೆ ಹುಟ್ಟುವುದು ಸಹಜ. ಬೇಡ. ಅಗ್ಗದ ಬಿಸ್ಕತ್ತಿನಲ್ಲಿ ಕಾರ್ಖಾನೆಯವರ ಜೊತೆ ನೀವು ಗೆಲ್ಲಲಾರಿರಿ. ಹಳ್ಳಿಯ ಮನೆಯಿಂದ ಬಂದ ಬಿಸ್ಕತ್ತನ್ನು ನಗರದವರು ಕೊಳ್ಳುವುದಾದರೆ ಅದರ ಬೆಣ್ಣೆಗಾಗಿಯೇ ಕೊಳ್ಳುತ್ತಾರೆ.

ಒಂದು, ಎರಡು, ಮೂರು

ಯುರೋಪಿನ ಹಲವು ದೇಶಗಳಲ್ಲಿ ಬೆಣ್ಣೆ ಬಿಸ್ಕತ್ತಿಗೆ ಒಂದು ಸುಲಭ ಅಳತೆ ಇದೆ: ತೂಕದಲ್ಲಿ ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು ಪಾಲು, ಹಿಟ್ಟು ಮೂರು ಪಾಲು. ಆಸ್ಟ್ರಿಯದವರು ಕ್ರಿಸ್ಮಸ್ಸಿಗೆ ಅರ್ಧಚಂದ್ರದ ಆಕಾರದ ಬಿಸ್ಕತ್ತಿಗೆ ಬಾದಾಮಿಯನ್ನೋ ಆಕ್ರೋಟನ್ನೋ ಬೀಸಿ ಹಾಕುತ್ತಾರೆ. ನಮಗೆ ಗೋಡಂಬಿ ಇದೆ. ಬೀಸಿದ ಸಕ್ಕರೆ 100 ಗ್ರಾಂ, ಬೆಣ್ಣೆ 200 ಗ್ರಾಂ, ಮೈದಾ 300 ಗ್ರಾಂ, ಗೋಡಂಬಿ ತುಕಡಿ 100 ಗ್ರಾಂ, ಚಿಟಿಕೆ ಉಪ್ಪು, ಬೇಕಾದರೆ ಏಲಕ್ಕಿ. ಸೋಡಾ ಬೇಡ. ಪೇಟೆಯ ಉಪ್ಪು ಬೆಣ್ಣೆಯಾದರೆ ಬೇರೆ ಉಪ್ಪು ಹಾಕಬಾರದು.

ತುಕಡಿಯನ್ನು ಸಣ್ಣ ಉರಿಯಲ್ಲಿ ತಿಳಿ ಹೊಂಬಣ್ಣ ಬರುವಂತೆ ಹುರಿದು, ಪೂರ್ತಿ ಆರಿದ ಮೇಲೆ ಜಜ್ಜಬೇಕು. ಬಿಸಿಯಿರುವಾಗ ಬೀಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಣ್ಣೆ, ಸಕ್ಕರೆಯನ್ನು ಹಗುರಾಗಿ ಬಿಳುಪೇರುವವರೆಗೆ ಕೈಯಿಂದ ತಿಕ್ಕಿ, ಮೇಲೆ ಹಿಟ್ಟು, ಗೋಡಂಬಿ ಹಾಕಿ ಒಟ್ಟುಗೂಡುವಷ್ಟೇ ಕಲಸಬೇಕು. ನಾದಬಾರದು. ಮುಚ್ಚಿ ಅರ್ಧ ಗಂಟೆ ತಂಪಿನಲ್ಲಿಡಿ. ಖಾನಾಪುರದ ಡಿಸೆಂಬರ್ ಬೆಳಗಿನ ಚಳಿಗೆ ಫ್ರಿಜ್ಜಿನ ಅಗತ್ಯ ಬೀಳುವುದಿಲ್ಲ. ನಂತರ ದೊಡ್ಡ ನೆಲ್ಲಿಕಾಯಿಯಷ್ಟು, ಎಂದರೆ 15 ಗ್ರಾಂ ತೂಕದ ಉಂಡೆ ಮಾಡಿ, ತುಸು ಒತ್ತಿ, ಅಂತರ ಬಿಟ್ಟು ತಟ್ಟೆಯಲ್ಲಿ ಜೋಡಿಸಿ, 160 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 18ರಿಂದ 20 ನಿಮಿಷ ಬೇಯಿಸಬೇಕು. ಅಂಚು ಮಾತ್ರ ಕಂದಿದಾಗ ಹೊರಗೆ ತೆಗೆಯಿರಿ. ಆಗ ಅದು ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಡಬಾರದು. ಆರಿದ ಮೇಲೆ ಗಟ್ಟಿಯಾಗುತ್ತದೆ.

ಒಲೆಪೆಟ್ಟಿಗೆ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಮರಳು ಹಾಸಿ, ಅದರೊಳಗೆ ಸಿಂಬೆಯಂಥ ಆಧಾರದ ಮೇಲೆ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಸ್ವಲ್ಪ ಕೆಂಡ ಹಾಕಿ ಬೇಯಿಸಬಹುದು. ಮನೆಮಟ್ಟಿಗೆ ಇದು ಸಾಕು. ಮಾರಾಟಕ್ಕಾದರೆ ಸಾಲದು, ಶಾಖ ಒಂದೇ ಸಮ ಇರುವುದಿಲ್ಲ. ಸಮೀಪದ ಬೇಕರಿಯವರು ಬ್ರೆಡ್ ತೆಗೆದ ಮೇಲೆ ಭಟ್ಟಿಯ ಇಳಿಶಾಖದಲ್ಲಿ ನಿಮ್ಮ ತಟ್ಟೆಗಳನ್ನು ಬೇಯಿಸಿಕೊಡಲು ಒಪ್ಪಿದರೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ.

ಹಿಟ್ಟಿನ ಬಗ್ಗೆ ಬೇಸಾಯ ಶಾಸ್ತ್ರದವನಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಭಾಗದ ಸದಕ ಗೋಧಿ, ಬೆಳಗಾವಿಯಲ್ಲಿ ಖಪಲಿ ಎನ್ನುವುದು, ಅದರ ಜಿಗುಟು ದುರ್ಬಲವಾದದ್ದು. ಬ್ರೆಡ್ಡಿಗೆ ಇದು ದೋಷ, ಬಿಸ್ಕತ್ತಿಗೆ ಅಲ್ಲ. ಧಾರವಾಡದ ಡಿಡಿಕೆ-1025, ಡಿಡಿಕೆ-1029 ತಳಿಗಳನ್ನು ಬೆಳೆಯುವವರು ಹಿಟ್ಟನ್ನು ನುಣ್ಣಗೆ ಬೀಸಿಸಿ, ಸಣ್ಣ ಜರಡಿ ಹಿಡಿದು, ಮೈದಾದ ಅರ್ಧ ಪಾಲಿಗೆ ಬದಲಾಗಿ ಹಾಕಿ ನೋಡಬಹುದು. ಬಣ್ಣ ಕೆಂಪಗಾಗುತ್ತದೆ, ಹುರಿದ ಗೋಧಿಯ ಪರಿಮಳ ಬರುತ್ತದೆ.

ಲೆಕ್ಕ ಮತ್ತು ಮಾರಾಟ

ಮೇಲಿನ ಒಂದು ಅಳತೆಯಿಂದ, ಬೆಣ್ಣೆಯ ನೀರು ಹಾರಿದ ಮೇಲೆ, ಸುಮಾರು 650 ಗ್ರಾಂ ಬಿಸ್ಕತ್ತು ಸಿಗುತ್ತದೆ. 1 ಕಿಲೋ ತುಕಡಿಗೆ ಹತ್ತು ಅಳತೆ, ಎಂದರೆ ಆರೂವರೆ ಕಿಲೋ ಬಿಸ್ಕತ್ತು. ಅದಕ್ಕೆ 2 ಕಿಲೋ ಬೆಣ್ಣೆ, 3 ಕಿಲೋ ಹಿಟ್ಟು, 1 ಕಿಲೋ ಸಕ್ಕರೆ. ನಿಮ್ಮ ಊರಿನ ದರ ಹಾಕಿ, ಭಟ್ಟಿಯ ಕೂಲಿ, ಡಬ್ಬಿ, ಬಸ್ ಚಾರ್ಜು, ಮನೆಯವರ ಎರಡು ದಿನದ ದುಡಿಮೆ ಎಲ್ಲ ಸೇರಿಸಿ ಆರೂವರೆಯಿಂದ ಭಾಗಿಸಿರಿ. ಬಂದ ಅಂಕಿ ಬೇಕರಿಯ ಮಾರಾಟ ದರಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಕೈ ಹಾಕಿರಿ. ಎಮ್ಮೆ ಇಲ್ಲದೆ, ಬೆಣ್ಣೆಯನ್ನೂ ಗೋಡಂಬಿಯನ್ನೂ ಕೊಂಡು ಮಾಡುವವರಿಗೆ ಇದು ಹಬ್ಬದ ಅಡುಗೆಯೇ ಹೊರತು ಉದ್ಯೋಗವಲ್ಲ ಎಂಬುದು ನನ್ನ ಅಭಿಪ್ರಾಯ.

ಮಾರುವವರು ಸಣ್ಣ ಪ್ರಮಾಣವಾದರೂ 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಡಬ್ಬಿಯ ಮೇಲೆ ತಯಾರಿಸಿದ ದಿನಾಂಕ, ತೂಕ, ಸಾಮಗ್ರಿಗಳನ್ನು ಬರೆಯಬೇಕು. ಗೋಡಂಬಿ, ಗೋಧಿ, ಹಾಲಿನ ಅಂಶ ಕೆಲವರ ಮೈಗೆ ಆಗದು, ಆದ್ದರಿಂದ ಅವನ್ನು ಬಿಡದೆ ನಮೂದಿಸಬೇಕು. ಕ್ರಮವಾಗಿ ಕಲಿಯಬೇಕೆನ್ನುವ ಯುವಕ, ಯುವತಿಯರು ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಡೆಸುವ ಬೇಕರಿ ತರಬೇತಿಯ ಬಗ್ಗೆ ವಿಚಾರಿಸಬಹುದು.

ಹಬ್ಬದ ಗಡಿಬಿಡಿಯಲ್ಲಿ ತೋಟ ಮರೆಯಬಾರದು. ಇದೇ ದಿನಗಳಲ್ಲಿ ಗೇರಿಗೆ ಚಿಗುರು, ಹೂ ಬರುತ್ತವೆ, ಟೀ ಸೊಳ್ಳೆಯೂ ಬರುತ್ತದೆ. ಚಿಗುರಿನ ತುದಿ ಕಪ್ಪಾಗಿ ಒಣಗುವುದು ಕಂಡರೆ ತಡಮಾಡದೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕಾಣಿರಿ.

ಬಿಸ್ಕತ್ತು ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿದರೆ ಮೂರು ವಾರ ಗರಿಗರಿಯಾಗಿರುತ್ತದೆ. ಬಿಸಿಯಾಗಿ ತುಂಬಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ಡಿಸೆಂಬರ್ 10ರ ನಂತರ ಬೇಯಿಸಿ, 15ರೊಳಗೆ ನಗರದ ಅಂಗಡಿಗೆ ತಲುಪಿಸುವುದು ಸೂಕ್ತ. ಅಂಗಡಿಯವರಿಂದ ಎಷ್ಟು ಡಬ್ಬಿ ಬೇಕೆಂಬುದನ್ನು ನವೆಂಬರಿನಲ್ಲೇ ಕೇಳಿ, ಅಷ್ಟಕ್ಕೇ ಬೆಣ್ಣೆ ಕೂಡಿಡಿರಿ.